ಕರಾವಳಿಯ ಮಳೆಗಾಲದಲ್ಲಿ ಹಳೆಯ ಟೂರಿಂಗ್ ಕಾರಿನ ಆರೈಕೆ

ಮೇ ತಿಂಗಳು ಅರ್ಧ ಕಳೆಯಿತೆಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಅಜ್ಜನ ಕಾಲದ ಕಾರನ್ನು ಸಾಕಷ್ಟು ಖರ್ಚು ಮಾಡಿ ದೂರದ ಊರಿನಲ್ಲಿ ಹೊಸದರಂತೆ ಮಾಡಿಸಿ ತಂದವರು ಮುಖ್ಯವಾಗಿ ಕೇಳುವುದು ಎರಡೇ ಮಾತು. ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿಟ್ಟರೆ ಸಾಕಲ್ಲವೇ? ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿದರೆ ಸಾಕಲ್ಲವೇ? ಇವೆರಡನ್ನೂ ದಯವಿಟ್ಟು ಮಾಡಬೇಡಿ. ನಮ್ಮ ಕಡೆ ಹಾಳಾದ ಹಳೆಯ ಕಾರುಗಳಲ್ಲಿ ಮಳೆಯಲ್ಲಿ ನೆನೆದು ಹಾಳಾದವು ಕಡಿಮೆ. ಅಕ್ಕರೆಯಿಂದ ಮುಚ್ಚಿಟ್ಟು, ಗಾಳಿಯಾಡದೆ ಹಾಳಾದವೇ ಹೆಚ್ಚು. ಹೀಗೇಕೆ ಆಗುತ್ತದೆ, ಅದರ ಬದಲು ಏನು ಮಾಡಬೇಕು ಎಂಬುದನ್ನು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಕ್ರಮದಲ್ಲಿ ಇಲ್ಲಿ ವಿವರಿಸುತ್ತೇನೆ.

ಟೂರಿಂಗ್ ಕಾರು ಎಂದರೆ ಮೇಲೆ ಗಟ್ಟಿ ಛಾವಣಿ ಇಲ್ಲದ, ಮಡಚುವ ಕ್ಯಾನ್ವಾಸ್ ಹುಡ್ ಇರುವ, ಐದರಿಂದ ಏಳು ಜನ ಕೂರಬಹುದಾದ ದೊಡ್ಡ ಕಾರು. 1910 ಮತ್ತು 1920ರ ದಶಕಗಳಲ್ಲಿ ಪ್ಯಾಕರ್ಡ್, ಕ್ಯಾಡಿಲಾಕ್, ಬ್ಯೂಕ್, ರೋಲ್ಸ್ ರಾಯ್ಸ್ ಮುಂತಾದವು ಈ ಬಗೆಯಲ್ಲಿ ಬಂದವು. ಅದಕ್ಕೆ ಕಿಟಕಿಯ ಗಾಜುಗಳಿಲ್ಲ. ಮಳೆ ಬಂದರೆ ಬದಿಗೆ ಸಿಕ್ಕಿಸುವ ಪರದೆಗಳಿವೆ. ಒಳಗಿನ ಹಂದರ ಮರದ್ದು, ಅನೇಕ ಮಾದರಿಗಳಲ್ಲಿ ಚಕ್ರದ ಅರಗಳೂ ಮರದವೇ, ಸೀಟು ಚರ್ಮದ್ದು, ಸೀಟಿನ ಒಳಗೆ ಕುದುರೆಕೂದಲು. ಲೋಹ, ಮರ, ಚರ್ಮ, ಬಟ್ಟೆ ಈ ನಾಲ್ಕೂ ತೇವಕ್ಕೆ ಬೇರೆಬೇರೆ ರೀತಿಯಲ್ಲಿ ಕೆಡುವುದರಿಂದ ಇಂದಿನ ಕಾರಿಗೆ ಸಾಕಾಗುವ ಉಪಾಯ ಇದಕ್ಕೆ ಸಾಕಾಗುವುದಿಲ್ಲ.

ನಮ್ಮ ಗಾಳಿಯ ಸ್ವಭಾವ

ಕೆಲಸಕ್ಕೆ ಇಳಿಯುವ ಮೊದಲು ಮೂರು ಅಂಕಿಗಳನ್ನು ನೆನಪಿನಲ್ಲಿಡಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಈಗಾಗಲೇ ತುಂಬಿದೆ ಎಂಬ ಲೆಕ್ಕ, ಶೇಕಡಾ 60ನ್ನು ದಾಟಿದ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಬಹಳ ಹೆಚ್ಚುತ್ತದೆ. ಶೇಕಡಾ 75ನ್ನು ದಾಟಿದರೆ ಉಪ್ಪು ತಾನಾಗಿಯೇ ಗಾಳಿಯಿಂದ ನೀರನ್ನು ಹೀರಿ ಕರಗುತ್ತದೆ. ಅಡುಗೆಮನೆಯ ಭರಣಿಯಲ್ಲಿ ಆಷಾಢದಲ್ಲಿ ಉಪ್ಪು ನೀರೊಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಡಲಿನಿಂದ ಬೀಸುವ ಗಾಳಿ ಚಾಸಿಯ ಅಡಿಗೆ, ಸ್ಪ್ರಿಂಗ್ ಪಟ್ಟಿಗಳ ಸಂದಿಗೆ, ರಿಮ್ಮಿನ ಒಳಗೆ ತಂದು ಕೂರಿಸಿದ ಉಪ್ಪಿಗೂ ಇದೇ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿ ಬಹುತೇಕ ಈ ಗೆರೆಯ ಮೇಲೆಯೇ ಇರುವುದರಿಂದ ಉಪ್ಪು ಉಳಿದ ಕಾರು, ಒಂದು ಹನಿ ಮಳೆ ತಾಗದಿದ್ದರೂ, ನಾಲ್ಕು ತಿಂಗಳು ಒದ್ದೆಯಾಗಿಯೇ ನಿಂತಿರುತ್ತದೆ.

ಮೂರನೆಯ ಅಂಕಿ ನಮಗೆ ಅನುಕೂಲವಾದದ್ದು. 25 ಡಿಗ್ರಿಯಲ್ಲಿ ಶೇಕಡಾ 90 ತೇವವಿರುವ ಗಾಳಿಯನ್ನು 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಆರ್ದ್ರತೆ ಸುಮಾರು 67ಕ್ಕೆ ಇಳಿಯುತ್ತದೆ. ಐದು ಡಿಗ್ರಿಯ ಬೆಚ್ಚಗೆ ಅಷ್ಟು ಕೆಲಸ ಮಾಡುತ್ತದೆ; ಮುಂದೆ ಸೀಟಿನ ಮೆತ್ತೆಗಳನ್ನು ಬೆಚ್ಚಗಿನ ಅಟ್ಟಕ್ಕೆ ಏರಿಸಿ ಎನ್ನುವುದು ಇದಕ್ಕೇ.

ಬೇಕಾಗುವ ಸಾಮಾನು

ಗಟ್ಟಿಯಾದ ಜಾಕಿ, ಆಕ್ಸೆಲ್ ಕೆಳಗೆ ಇಡಲು ನಾಲ್ಕು ಕಬ್ಬಿಣದ ಸ್ಟ್ಯಾಂಡು, ಗೋಡೆಗೆ ತೂಗುಹಾಕುವ ತೇವಾಂಶ ಮಾಪಕ, ದಪ್ಪ ಪಾಲಿಥಿನ್ ಹಾಳೆ, ಪ್ಲೈವುಡ್ ಹಲಗೆಗಳು, ಹೊಸ ಎಂಜಿನ್ ಆಯಿಲ್, ಗ್ರೀಸು, ಸಿಲಿಕೋನ್ ಇಲ್ಲದ ಮೇಣದ ಪಾಲಿಶು, ಹೊದಿಕೆಗೆ ಹತ್ತಿಬಟ್ಟೆ. ಹೊದಿಕೆಯನ್ನು ಕೊಳ್ಳಬೇಕಾಗಿಯೇ ಇಲ್ಲ. ಮನೆಯ ಹಳೆಯ ಹತ್ತಿ ಸೀರೆಗಳನ್ನೋ ಪಂಚೆಗಳನ್ನೋ ತೊಳೆದು ಎರಡು ಪದರ ಮಾಡಿ ಹೊಲಿಸಿಕೊಂಡರೆ ಅಂಗಡಿಯ ಕವರಿಗಿಂತ ಅದೇ ಮೇಲು.

ಕಾಗದಪತ್ರಗಳನ್ನೂ ಈ ಬಿಡುವಿನಲ್ಲೇ ಸರಿಮಾಡಿಕೊಳ್ಳಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮೂಲರೂಪ ಕೆಡದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅರ್ಜಿ ಫಾರಂ 20ರಲ್ಲಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿ ಇದ್ದುದರಿಂದ ಅಜ್ಜನ ಪೆಟ್ಟಿಗೆಯಲ್ಲಿ ಸಿಗುವ ನೋಂದಣಿ ಪುಸ್ತಕ ಅಲ್ಲಿನದಾಗಿರಬಹುದು. ಅದನ್ನು ಬೇಡದ ಕಾಗದವೆಂದು ಎಸೆಯಬೇಡಿ. ವಿಂಟೇಜ್ ನೋಂದಣಿಯ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು; ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಮದುವೆಯ ಮೆರವಣಿಗೆಗೆ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಇದು ಗಮನದಲ್ಲಿರಲಿ.

ಹಂತ 1: ಜಾಗವನ್ನು ಸಿದ್ಧಪಡಿಸುವುದು

ನಮ್ಮಲ್ಲಿ ಶೆಡ್ಡು ಎಂದರೆ ಸಾಮಾನ್ಯವಾಗಿ ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚು, ಸಿಮೆಂಟಿನ ನೆಲ. ಚಿರೇಕಲ್ಲು ನೀರು ಕುಡಿಯುವ ಕಲ್ಲು. ಗಿಲಾಯ ಮಾಡದ ಗೋಡೆ ಜುಲೈ ತಿಂಗಳಲ್ಲಿ ಒಳಗಿನಿಂದಲೂ ತಣ್ಣಗೆ ಒದ್ದೆಯಾಗಿರುತ್ತದೆ. ಆದ್ದರಿಂದ ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸದೆ ನಾಲ್ಕೂ ಕಡೆ ಮೂರು ಅಡಿ ಜಾಗ ಬಿಡಿ. ನೆಲದಿಂದ ಮೇಲೇರುವ ತೇವ ಗೋಡೆಯದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ನೇರವಾಗಿ ಕಾರಿನ ಹೊಟ್ಟೆಗೆ ತಾಗುತ್ತದೆ. ಪಾಲಿಥಿನ್ ಹಾಳೆಯನ್ನು ನೆಲದ ತುಂಬ ಹಾಸಿ, ಅದರ ಮೇಲೆ ಪ್ಲೈವುಡ್ ಹಲಗೆ ಇಟ್ಟು, ಅದರ ಮೇಲೆ ಕಾರು ನಿಲ್ಲಲಿ. ಪ್ಲಾಸ್ಟಿಕ್ಕಿನ ಜಾಗ ಇರುವುದು ಕಾರಿನ ಕೆಳಗೆ, ಕಾರಿನ ಮೇಲಲ್ಲ.

ಇನ್ನು ಶೆಡ್ಡನ್ನು ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ. ತೆರೆದಿಡುವುದಾದರೆ ಕಡಲಿಗೆ ಮುಖವಿಲ್ಲದ ಎರಡು ಬದಿಗಳಲ್ಲಿ ನೆಲದ ಹತ್ತಿರ ಒಂದೊಂದು, ಸೂರಿನ ಹತ್ತಿರ ಒಂದೊಂದು ಕಿಂಡಿ ಇರಬೇಕು. ಕೆಳಗಿನಿಂದ ಹೊಕ್ಕ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ. ಕಿಂಡಿಗಳಿಗೆ ಇಲಿ ನುಸುಳದ ಸಣ್ಣ ಕಣ್ಣಿನ ತಂತಿಜಾಲ ಬಡಿಸಿ. ಮುಚ್ಚಿಡುವುದಾದರೆ ಬಾಗಿಲ ಸಂದಿ, ಹಂಚಿನ ಕೆಳಭಾಗ ಎಲ್ಲವನ್ನೂ ಬಂದೋಬಸ್ತು ಮಾಡಿ, ಒಳಗೆ ತೇವ ಹೀರುವ ಯಂತ್ರ ಇಡಬೇಕು. ಕಿಟಕಿ ತೆರೆದಿಟ್ಟು ಈ ಯಂತ್ರ ಓಡಿಸುವವರನ್ನು ನೋಡಿದ್ದೇನೆ. ಅವರು ಅರಬ್ಬಿ ಸಮುದ್ರವನ್ನು ಒಣಗಿಸಲು ಹೊರಟಂತೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವುದರಿಂದ, ನಂಬಿಕೆಯ ಇನ್ವರ್ಟರ್ ಇಲ್ಲದವರಿಗೆ ನಾನು ಹೇಳುವುದು ಗಾಳಿಯಾಡುವ ಶೆಡ್ಡನ್ನೇ. ಯಂತ್ರ ಇಟ್ಟವರು ಮಾಪಕದಲ್ಲಿ 50ರಿಂದ 60ರ ನಡುವೆ ನಿಲ್ಲಿಸಿ. 40ಕ್ಕಿಂತ ಕೆಳಗೆ ಇಳಿಸಿದರೆ ಮರದ ಅರಗಳು ಕುಗ್ಗಿ ಸಡಿಲವಾಗುತ್ತವೆ, ಚರ್ಮ ಬಿರಿಯುತ್ತದೆ.

ಹಂತ 2: ಉಪ್ಪು ಬಿಡಿಸುವುದು

ಇದನ್ನು ರೋಹಿಣಿ ಮಳೆ ಹುಟ್ಟುವ ಮೊದಲು, ಅಂದರೆ ಮೇ 25ರ ಒಳಗೆ, ಬಿಸಿಲು ಗಟ್ಟಿಯಾಗಿರುವಾಗ ಮುಗಿಸಬೇಕು. ಚಾಸಿಯ ಅಡಿಭಾಗ, ಸ್ಪ್ರಿಂಗ್, ಆಕ್ಸೆಲ್, ಮಡ್‌ಗಾರ್ಡಿನ ಒಳಮೈಗಳನ್ನು ಸಿಹಿನೀರಿನಿಂದ, ಸಾದಾ ಪೈಪಿನ ಹದವಾದ ಹರಿವಿನಲ್ಲಿ ತೊಳೆಯಿರಿ. ಕಡಲಂಚಿನ ಬಾವಿ, ಬೋರ್‌ವೆಲ್‌ಗಳ ನೀರು ಬೇಸಿಗೆಯ ಕೊನೆಯಲ್ಲಿ ಉಪ್ಪಾಗುವುದುಂಟು. ನಾಲಗೆಗೆ ಸವಿದು ನೋಡದೆ ಆ ನೀರನ್ನು ಬಳಸಬೇಡಿ. ಸರ್ವಿಸ್ ಸ್ಟೇಷನ್ನಿನ ರಭಸದ ನೀರಿಗಂತೂ ಈ ಕಾರನ್ನು ಒಡ್ಡಲೇಬಾರದು. ಇದರ ಗಾಲಿಯ ಗುಂಬದಲ್ಲಿ, ಗೇರ್‌ಬಾಕ್ಸಿನ ಬಾಯಲ್ಲಿ ಇರುವುದು ರಬ್ಬರ್ ಸೀಲಲ್ಲ, ಉಣ್ಣೆಯ ಫೆಲ್ಟಿನ ಬಳೆ. ರಭಸದ ನೀರು ಅದನ್ನು ದಾಟಿ ಬೇರಿಂಗಿಗೆ ಸೇರಿದರೆ ಅಕ್ಟೋಬರ್‌ವರೆಗೆ ಅಲ್ಲೇ ಇರುತ್ತದೆ.

ತೊಳೆದ ಮೇಲೆ ಕಾರನ್ನು ಸುಮ್ಮನೆ ನಿಲ್ಲಿಸಿ ಒಣಗಿಸುವುದಕ್ಕಿಂತ ಇಪ್ಪತ್ತು, ಮೂವತ್ತು ಕಿಲೋಮೀಟರ್ ಓಡಿಸಿ ತರುವುದು ಉತ್ತಮ. ಬ್ರೇಕಿನ ಡ್ರಮ್ಮು, ಸೈಲೆನ್ಸರು, ಎಂಜಿನ್ನಿನ ಎಣ್ಣೆ ಎಲ್ಲವೂ ಚೆನ್ನಾಗಿ ಬಿಸಿಯಾಗಿ ತೇವ ಹೊರಟುಹೋಗುತ್ತದೆ. ಮರುದಿನ ಸ್ಪ್ರಿಂಗ್ ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸು ತುಂಬಿ, ಬಣ್ಣಕ್ಕೆ ಮೇಣ ಹಚ್ಚಿ.

ಹಿತ್ತಾಳೆಯ ದೀಪ, ನಿಕ್ಕಲ್ ಲೇಪದ ರೇಡಿಯೇಟರ್ ಚಿಪ್ಪುಗಳ ಬಗ್ಗೆ ಒಂದು ಎಚ್ಚರಿಕೆ. ದೇವರ ಸಾಮಾನು ತೊಳೆಯುವ ಅಭ್ಯಾಸದಿಂದ ಇವಕ್ಕೂ ಹುಣಸೆಹುಳಿ ಹಚ್ಚುವವರಿದ್ದಾರೆ. ಹುಳಿ ತಕ್ಷಣಕ್ಕೆ ಹೊಳಪು ಕೊಟ್ಟರೂ ಸಂದಿಯಲ್ಲಿ ಉಳಿದು ಹಸಿರು ಕಿಲುಬು ಹುಟ್ಟಿಸುತ್ತದೆ. ನಿಕ್ಕಲ್ ಕ್ರೋಮಿನಷ್ಟು ಗಟ್ಟಿಯಲ್ಲ. ಪುಡಿ ಹಾಕಿ ಉಜ್ಜಿದಷ್ಟೂ ಲೇಪ ಸವೆದು ಕೆಳಗಿನ ಹಿತ್ತಾಳೆ ಇಣುಕುತ್ತದೆ. ಮೃದುವಾದ ಬಟ್ಟೆ, ತೆಳುವಾದ ಮೇಣ, ಅಷ್ಟು ಸಾಕು.

ಹಂತ 3: ಪೆಟ್ರೋಲು, ಎಣ್ಣೆ, ನೀರು

ಹಿಂದೆಲ್ಲ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿಡಿ ಎಂದು ಹೇಳುತ್ತಿದ್ದರು. ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದಿದ್ದರೆ ತೇವಕ್ಕೂ ಜಾಗವಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಸುಮಾರು ಶೇಕಡಾ 20ರಷ್ಟು ಎಥೆನಾಲ್ ಬೆರೆತಿರುವುದರಿಂದ ಆ ಲೆಕ್ಕ ಬದಲಾಗಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ್ದು ಹೆಚ್ಚಾದಾಗ ನೀರು ಮತ್ತು ಎಥೆನಾಲ್ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಹಳೆಯ ಕಾರಿಗೆ ಇನ್ನೊಂದು ತೊಂದರೆಯೂ ಇದೆ. ಆ ಕಾಲದ ಅನೇಕ ಕಾರ್ಬ್ಯುರೇಟರ್‌ಗಳಲ್ಲಿ ಪೆಟ್ರೋಲಿನ ಮಟ್ಟ ಕಾಯುವ ತೇಲು ಕಾರ್ಕಿನದು, ಅದರ ಮೇಲಿನ ಲೇಪ ಅರಗಿನದು. ಅರಗು ಶುದ್ಧ ಪೆಟ್ರೋಲಿಗೆ ಜಗ್ಗುವುದಿಲ್ಲ, ಎಥೆನಾಲಿಗೆ ಕರಗುತ್ತದೆ. ಲೇಪ ಕರಗಿದ ಕಾರ್ಕು ಪೆಟ್ರೋಲು ಕುಡಿದು ಭಾರವಾಗಿ ಮುಳುಗುತ್ತದೆ, ಕಾರ್ಬ್ಯುರೇಟರ್ ಉಕ್ಕಿ ಬಿಸಿ ಎಂಜಿನ್ನಿನ ಪಕ್ಕದಲ್ಲೇ ಪೆಟ್ರೋಲು ಸುರಿಯುತ್ತದೆ. ಕಾರನ್ನು ಹೊಸದು ಮಾಡಿದವರು ತೇಲನ್ನು ಬದಲಿಸಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಬದಲಿಸಿರದಿದ್ದರೆ ಹಿತ್ತಾಳೆಯ ತೇಲು ಹಾಕಿಸುವವರೆಗೆ ಕಾರನ್ನು ಓಡಿಸಬೇಡಿ.

ಆದ್ದರಿಂದ ನನ್ನ ಸಲಹೆ, ಟ್ಯಾಂಕು, ಕಾರ್ಬ್ಯುರೇಟರ್, ಇವೆರಡರ ನಡುವೆ ಇರುವ ವ್ಯಾಕ್ಯೂಮ್ ಟ್ಯಾಂಕು ಮೂರನ್ನೂ ಪೂರ್ತಿ ಖಾಲಿ ಮಾಡಿ. ಈ ಕೆಲಸ ಶೆಡ್ಡಿನ ಹೊರಗೆ, ಹಗಲಿನಲ್ಲಿ, ಬೀಡಿ, ದೀಪ, ಒಲೆ ಯಾವುದೂ ಹತ್ತಿರವಿಲ್ಲದ ಕಡೆ ನಡೆಯಬೇಕು. ತೆಗೆದ ಪೆಟ್ರೋಲನ್ನು ಮನೆಯ ಸ್ಕೂಟರಿಗೆ ಹಾಕಿ ಮುಗಿಸಿ. ಖಾಲಿ ಟ್ಯಾಂಕಿನ ಒಳಗೆ ಒಂದು ಲೋಟ ಎಂಜಿನ್ ಆಯಿಲ್ ಸುರಿದು, ಕಾರನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಒಳಗೋಡೆಗೆ ಎಣ್ಣೆಯ ಪೊರೆ ಕೂರುತ್ತದೆ.

ಎಂಜಿನ್ ಆಯಿಲನ್ನು ಮಳೆಗಾಲದ ಮೊದಲು ಬದಲಿಸಬೇಕೇ ಹೊರತು ನಂತರವಲ್ಲ. ಬಳಸಿದ ಎಣ್ಣೆಯಲ್ಲಿ ಆಮ್ಲವೂ ನೀರೂ ಸೇರಿರುತ್ತವೆ, ಅವು ನಾಲ್ಕು ತಿಂಗಳು ಬಿಳಿಲೋಹದ ಬೇರಿಂಗುಗಳ ಮೇಲೆ ಕುಳಿತಿರುವುದು ಬೇಡ. ಪೆಟ್ರೋಲು ಖಾಲಿ ಮಾಡುವ ಮೊದಲೇ ಹೊಸ ಎಣ್ಣೆ ಹಾಕಿ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಪೆಟ್ರೋಲು ಖಾಲಿಯಾದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಟ್ಟು, ಕಾರಿನ ಮುಂದೆ ಸಿಕ್ಕಿಸಿ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿ ಕೈಯಿಂದ ಐದಾರು ಸುತ್ತು ತಿರುಗಿಸಿ ಪ್ಲಗ್ಗುಗಳನ್ನು ಮತ್ತೆ ಕೂರಿಸಿ. ಕಾರ್ಬ್ಯುರೇಟರಿನ ಬಾಯಿಗೂ ಸೈಲೆನ್ಸರಿನ ಬಾಯಿಗೂ ಎಣ್ಣೆಬಟ್ಟೆ ತುರುಕಿ. ತುರುಕಿದ್ದು ಮರೆತುಹೋಗದಂತೆ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ.

ಗೇರ್‌ಬಾಕ್ಸಿನ ಎಣ್ಣೆಯನ್ನು ಬದಲಿಸುವುದಾದರೆ ಡಬ್ಬಿಯ ಮೇಲಿನ ಅಕ್ಷರ ನೋಡಿ. ಜಿಎಲ್-5 ಎಂದು ಬರೆದ ಎಣ್ಣೆಯ ಕೆಲವು ಬಗೆಗಳಲ್ಲಿರುವ ಗಂಧಕದ ಅಂಶ ಕಂಚು, ಹಿತ್ತಾಳೆಯ ಬುಷ್ಷುಗಳನ್ನು ತಿನ್ನುತ್ತದೆ. ರೇಡಿಯೇಟರಿನಲ್ಲಿ ಸಾದಾ ನೀರು ಬಿಡಬೇಡಿ. ಖಾಲಿಯಾಗಿಯೂ ಬಿಡಬೇಡಿ, ನಮ್ಮ ಗಾಳಿಯಲ್ಲಿ ಖಾಲಿ ಎಂಜಿನ್ ಬ್ಲಾಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ತಾಮ್ರ, ಹಿತ್ತಾಳೆ, ಬೀಡುಕಬ್ಬಿಣ ಮೂರಕ್ಕೂ ಹೊಂದುವ ಕೂಲೆಂಟ್ ತುಂಬಿಸಿಡಿ.

ಹಂತ 4: ಎತ್ತಿ ನಿಲ್ಲಿಸುವುದು

ಸ್ಟ್ಯಾಂಡುಗಳು ಆಕ್ಸೆಲ್ಲಿನ ಕೆಳಗೆ ಬರಬೇಕು, ಚಾಸಿಯ ಕೆಳಗಲ್ಲ. ಚಾಸಿಯನ್ನು ಎತ್ತಿದರೆ ಸ್ಪ್ರಿಂಗ್‌ಗಳು ನಾಲ್ಕು ತಿಂಗಳು ಜೋತುಬಿದ್ದಿರುತ್ತವೆ. ಹ್ಯಾಂಡ್ ಬ್ರೇಕ್ ಬಿಡಿ, ಇಲ್ಲವಾದರೆ ಬ್ರೇಕಿನ ಪಟ್ಟಿ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಇದೇ ಕಾರಣಕ್ಕೆ ಕ್ಲಚ್ ಪೆಡಲನ್ನು ಒಂದು ಮರದ ತುಂಡಿನಿಂದ ಒತ್ತಿ ಹಿಡಿದಿಡಬೇಕು. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. 6 ವೋಲ್ಟಿನ ಬ್ಯಾಟರಿ ತುಂಬಿದಾಗ ಸುಮಾರು 6.3 ತೋರಿಸುತ್ತದೆ, 6.1ಕ್ಕೆ ಇಳಿಯಲು ಬಿಡಬೇಡಿ.

ಹಂತ 5: ಚರ್ಮ, ಹುಡ್, ಮರ

ಹುಡ್ಡನ್ನು ಮಡಚಿಡುವುದು ಬಹುಜನರ ತಪ್ಪು. ಮಡಚಿದ ಕ್ಯಾನ್ವಾಸಿನ ನೆರಿಗೆಯಲ್ಲಿ ತೇವ ಸೇರಿ ಬೂಷ್ಟು ಬೆಳೆಯುತ್ತದೆ, ಅದೇ ಗೆರೆಯಲ್ಲಿ ಮುಂದೆ ಬಟ್ಟೆ ಹರಿಯುತ್ತದೆ. ಹುಡ್ಡನ್ನು ಪೂರ್ತಿ ಬಿಡಿಸಿ, ಹದವಾಗಿ ಎಳೆದು ನಿಲ್ಲಿಸಿ. ಬದಿಯ ಪರದೆಗಳನ್ನು ಕಳಚಿ, ನಡುನಡುವೆ ಹತ್ತಿಬಟ್ಟೆ ಹಾಸಿ, ಮನೆಯೊಳಗೆ ಚಪ್ಪಟೆಯಾಗಿ ಮಲಗಿಸಿ. ಪರದೆಯ ಪಾರದರ್ಶಕ ಕಿಂಡಿ ಮೂಲದ ಸೆಲ್ಯುಲಾಯ್ಡಿನದೇ ಆಗಿದ್ದರೆ ಅದು ಬೇಗ ಬೆಂಕಿ ಹಿಡಿಯುವ ವಸ್ತು. ಒಲೆಯ, ದೇವರ ದೀಪದ ಹತ್ತಿರ ಇಡಬಾರದು.

ಸೀಟಿನ ಮೆತ್ತೆಗಳನ್ನು ಬಿಚ್ಚಲು ಬರುವುದಾದರೆ ಬಿಚ್ಚಿ ಅಟ್ಟಕ್ಕೆ ಏರಿಸಿ. ಅಡಿಕೆ, ಕಾಳುಮೆಣಸು ಮಳೆಗಾಲದಲ್ಲೂ ಕೆಡದೆ ಉಳಿಯುವ ಅಟ್ಟ ಕುದುರೆಕೂದಲಿನ ಮೆತ್ತೆಗೂ ಒಳ್ಳೆಯ ಜಾಗ. ಹೊಗೆ ಹತ್ತದ ಮೂಲೆಯಲ್ಲಿ, ನೆಲಕ್ಕೆ ತಾಗದಂತೆ ಎರಡು ರೀಪಿನ ಮೇಲೆ ನಿಲ್ಲಿಸಿಡಿ.

ಟಾರ್ಪಾಲಿನ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಮೊದಲ ವರ್ಷ ನಾನೂ ಹೊಸ ನೀಲಿ ಟಾರ್ಪಾಲನ್ನು ನಾಲ್ಕು ಮೂಲೆಗೆ ಹಗ್ಗ ಬಿಗಿದು ಕಟ್ಟಿದ್ದೆ. ಆಗಸ್ಟಿನಲ್ಲಿ ಎತ್ತಿ ನೋಡಿದಾಗ ಅದರ ಒಳಮೈ ತುಂಬ ಸಾಸಿವೆ ಕಾಳಿನಷ್ಟು ಹನಿಗಳು ಸಾಲುಸಾಲಾಗಿ ನಿಂತಿದ್ದವು. ಸೀಟಿನ ನೆರಿಗೆ ನೆರಿಗೆಯಲ್ಲೂ ಬಿಳಿಯ ಬೂಷ್ಟು, ಸ್ಟೀರಿಂಗಿನ ಮರದ ಮೇಲೆ ಹಸಿರು ಪುಡಿ, ಹನಿ ಬಿದ್ದ ಕಡೆಯಲ್ಲೆಲ್ಲ ಬಣ್ಣದ ಮೇಲೆ ಮಸುಕಾದ ಉಂಗುರಗಳು. ಶೆಡ್ಡಿನ ಛಾವಣಿ ಒಂದು ಕಡೆಯೂ ಸೋರಿರಲಿಲ್ಲ. ಹಗಲಿನ ಬೆಚ್ಚಗೆಯಲ್ಲಿ ನೆಲದಿಂದ ಎದ್ದ ತೇವ ರಾತ್ರಿ ತಣ್ಣಗಾದ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ, ನೂರು ದಿನ ಅದೇ ಕಾರಿನ ಮೇಲೆ ಮತ್ತೆ ಮತ್ತೆ ತೊಟ್ಟಿಕ್ಕಿತ್ತು. ಹತ್ತಿಬಟ್ಟೆ ಧೂಳನ್ನು ತಡೆದು ತೇವವನ್ನು ಬಿಟ್ಟುಕೊಡುತ್ತದೆ. ಅದನ್ನೂ ಕಟ್ಟದೆ ಸಡಿಲವಾಗಿ ಇಳಿಬಿಡಿ.

ಬೂಷ್ಟು ಕಂಡರೆ ಕಾರಿನ ಭಾಗವನ್ನು ಹೊರಗೆ ತಂದು ಒಣಬಟ್ಟೆಯಿಂದ ಒರೆಸಿ. ಶೆಡ್ಡಿನೊಳಗೆ ಒರೆಸಿದರೆ ಅದರ ಬೀಜ ಎಲ್ಲ ಕಡೆ ಹಾರುತ್ತದೆ. ಮರದ ಹಂದರಕ್ಕೆ ನಮ್ಮಲ್ಲಿ ಗೆದ್ದಲಿನ ಭಯವೂ ಉಂಟು. ಸ್ಟ್ಯಾಂಡಿನ ಕಾಲುಗಳ ಸುತ್ತ ಮಣ್ಣಿನ ಗೂಡು ಏರಿದೆಯೇ, ಬಾಗಿಲ ಕೆಳಗೆ ಹಿಟ್ಟಿನಂಥ ಮರದ ಪುಡಿ ಬಿದ್ದಿದೆಯೇ ಎಂದು ವಾರಕ್ಕೊಮ್ಮೆ ಬ್ಯಾಟರಿ ದೀಪ ಹಿಡಿದು ನೋಡಿ. ಇಲಿಗೆ ಬೋನು ಇಡಿ, ಪಾಷಾಣ ಇಡಬೇಡಿ. ಪಾಷಾಣ ತಿಂದ ಇಲಿ ಸೀಟಿನ ಒಳಗೆ ಹೋಗಿ ಸತ್ತರೆ ಸೀಟನ್ನೇ ಬಿಚ್ಚಬೇಕಾಗುತ್ತದೆ.

ಹಂತ 6: ನಡುವಿನ ನಾಲ್ಕು ತಿಂಗಳು

ಇಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಮುಖ್ಯ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಅದು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ತಣ್ಣನೆಯ ಸೈಲೆನ್ಸರಿನಲ್ಲೂ ಎಂಜಿನ್ನಿನ ಹೊಟ್ಟೆಯಲ್ಲೂ ನೀರಾಗಿ ಉಳಿಯುತ್ತದೆ. ವಾರವಾರ ಚಾಲೂ ಮಾಡುವುದೆಂದರೆ ನೀವೇ ವಾರವಾರ ಒಳಗೆ ನೀರು ಹಾಕಿದಂತೆ. ಬದಲಿಗೆ ತಿಂಗಳಿಗೊಮ್ಮೆ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ಒಂದೂವರೆ ಸುತ್ತು ತಿರುಗಿಸಿ, ಗಾಲಿಗಳನ್ನೂ ಕಾಲು ಸುತ್ತು ತಿರುಗಿಸಿ. ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ ಬಾಗಿಲು ತೆಗೆದು, ಹೊದಿಕೆ ಸರಿಸಿ ಗಾಳಿಗೆ ಬಿಡಿ. ಸಂಜೆ ನಾಲ್ಕರ ಒಳಗೆ ಮುಚ್ಚಿ.

ಹಂತ 7: ಅಕ್ಟೋಬರ್‌ನಲ್ಲಿ ಎಬ್ಬಿಸುವುದು

ಆಯುಧಪೂಜೆಗೆ ಕಾರು ಹೊರಗೆ ಬರಬೇಕೆಂಬ ಆಸೆ ಸಹಜ. ಪೂಜೆ ಶೆಡ್ಡಿನಲ್ಲೇ ಆಗಲಿ. ಓಡಿಸುವುದಕ್ಕೆ ಚಿತ್ತೆ ಮಳೆ ನಿಲ್ಲುವವರೆಗೆ ಕಾಯಿರಿ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಬಣ್ಣದ ಮೇಲೆ ಹಚ್ಚಬೇಡಿ, ಹಳೆಯ ಬಗೆಯ ಸೆಲ್ಯುಲೋಸ್ ಬಣ್ಣ ಅದರ ಕಲೆಯನ್ನು ಹಿಡಿದುಕೊಳ್ಳುತ್ತದೆ. ಚೆಂಡುಹೂವಿನ ಮಾಲೆ ಹುಡ್ಡಿನ ಕ್ಯಾನ್ವಾಸಿಗೆ ತಾಗದಿರಲಿ. ತಿಲಕವನ್ನು ಮುಂದಿನ ಗಾಜಿಗೋ ನಂಬರ್ ಪ್ಲೇಟಿಗೋ ಇಟ್ಟು ಅಂದೇ ಒರೆಸಿ.

ಎಬ್ಬಿಸುವ ಕ್ರಮ ಇದು. ಮೊದಲು ಕೆಂಪು ಬಟ್ಟೆ ನೆನಪಿಸುವಂತೆ ತುರುಕಿದ್ದನ್ನೆಲ್ಲ ತೆಗೆಯಿರಿ. ಗ್ರೀಸ್ ಕಪ್ಪುಗಳನ್ನು, ಅಂದರೆ ತಿರುಚಿದಾಗ ಗ್ರೀಸು ಒಳಗಿಳಿಸುವ ಸಣ್ಣ ಬಟ್ಟಲುಗಳನ್ನು, ಒಂದೊಂದಾಗಿ ತುಂಬಿಸಿ. ಟ್ಯಾಂಕಿಗೆ ಎರಡು ಲೀಟರ್ ಪೆಟ್ರೋಲು ಹಾಕಿ ಅಲ್ಲಾಡಿಸಿ, ಎಣ್ಣೆ ಮತ್ತು ತುಕ್ಕಿನ ಚಕ್ಕೆಗಳ ಸಮೇತ ಹೊರಗೆ ಹರಿಸಿ, ಆಮೇಲೆ ಹೊಸ ಪೆಟ್ರೋಲನ್ನು ಸೋಸಿ ತುಂಬಿಸಿ. ಪ್ಲಗ್ಗುಗಳನ್ನು ಬಿಚ್ಚಿದ ಸ್ಥಿತಿಯಲ್ಲೇ ಎಂಜಿನ್ನನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿ ಎಣ್ಣೆ ಎಲ್ಲ ಕಡೆ ಹರಿಯಲು ಬಿಡಿ. ಮ್ಯಾಗ್ನೆಟೊ, ಅಂದರೆ ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟಿಸುವ ಯಂತ್ರ, ತೇವ ಕುಡಿದಿದ್ದರೆ ಕಿಡಿ ಕೊಡುವುದಿಲ್ಲ. ಬಿಚ್ಚಿ ಎರಡು ದಿನ ಎಳೆಬಿಸಿಲಿನಲ್ಲಿ ಇಡಿ, ಒಲೆಯ ಮೇಲೆ ಒಣಗಿಸಲು ಹೋಗಬೇಡಿ. ಮರದ ಚಕ್ರವನ್ನು ಮೇಲ್ತುದಿಯಲ್ಲಿ ಹಿಡಿದು ನಿಮ್ಮತ್ತ ಜಗ್ಗಿ ನೋಡಿ. ಕಿರುಗುಟ್ಟಿದರೆ ಅರ ಸಡಿಲವಾಗಿದೆ ಎಂದರ್ಥ, ಆ ಚಕ್ರದಲ್ಲಿ ರಸ್ತೆಗೆ ಇಳಿಯುವಂತಿಲ್ಲ.

ಹ್ಯಾಂಡಲ್ ಹೊಡೆದು ಚಾಲೂ ಮಾಡುವವರು ಈ ಮಾತನ್ನು ಎರಡು ಸಲ ಓದಿ. ಸ್ಟೀರಿಂಗಿನ ಮೇಲಿರುವ ಕಿಡಿಯ ಕಡ್ಡಿಯನ್ನು ಪೂರ್ತಿ ಹಿಂದಕ್ಕೆ, ಅಂದರೆ ಕಿಡಿ ತಡವಾಗಿ ಹಾರುವ ಸ್ಥಾನಕ್ಕೆ ತಂದಿರಬೇಕು. ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತಬಾರದು. ಅದು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇರಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಕೆಳಕ್ಕೆ ಒತ್ತಬಾರದು. ಕಿಡಿ ಬೇಗ ಹಾರಿ ಎಂಜಿನ್ ಹಿಂದಕ್ಕೆ ಒದ್ದರೆ, ಮೇಲೆ ಎಳೆಯುತ್ತಿದ್ದ ಕೈಯಿಂದ ಹ್ಯಾಂಡಲ್ ಕಳಚಿಕೊಳ್ಳುತ್ತದೆ. ಹೆಬ್ಬೆರಳು ಸುತ್ತಿ ಕೆಳಗೆ ಒತ್ತುತ್ತಿದ್ದರೆ ಮುಂಗೈಯ ಮೂಳೆ ಮುರಿಯುತ್ತದೆ. 1912ರಲ್ಲಿ ಕ್ಯಾಡಿಲಾಕ್ ವಿದ್ಯುತ್ ಸ್ಟಾರ್ಟರ್ ತಂದದ್ದು ದೊಡ್ಡ ಸುದ್ದಿಯಾದದ್ದು ಈ ಕಾರಣಕ್ಕೇ.

ಹಂತ 8: ಮೊದಲ ಓಟ, ಆಮೇಲೆ ಘಟ್ಟ

ಮೊದಲ ಎರಡು ಓಟ ಸಮತಟ್ಟಿನಲ್ಲಿ, ಬೆಳಗಿನ ಜಾವ, ಹೆದ್ದಾರಿ 66ರ ಲಾರಿಗಳ ಭರಾಟೆಗೆ ಮೊದಲು ಮುಗಿಯಲಿ. ಅವೆರಡರಲ್ಲಿ ತೊಂದರೆ ಕಾಣದಿದ್ದರೆ ಮಾತ್ರ ಘಟ್ಟ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಸುಮಾರು 60 ಕಿಲೋಮೀಟರ್ ದಾರಿ ಕಡಲ ಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಏರುತ್ತದೆ. ಮಳೆಯ ನಂತರ ಘಟ್ಟದ ರಸ್ತೆ ಹೇಗಿದೆ ಎಂದು ಮುನ್ನಾದಿನ ವಿಚಾರಿಸಿಯೇ ಹೊರಡಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು ನಮ್ಮ ಕಣ್ಣ ಮುಂದೆಯೇ ಇದೆ.

ಏರಿನಲ್ಲಿ ಹಳೆಯ ಟೂರಿಂಗ್ ಕಾರು ಕೆಮ್ಮಿ ನಿಂತರೆ ಹಲವರು ಕಾರ್ಬ್ಯುರೇಟರ್ ಬಿಚ್ಚಲು ಕೂರುತ್ತಾರೆ. ಕಾರಣ ಬೇರೆಯೇ ಇರುತ್ತದೆ. ಇಂಥ ಅನೇಕ ಕಾರುಗಳ ಪೆಟ್ರೋಲ್ ಟ್ಯಾಂಕು ಹಿಂದೆ, ಕೆಳಗೆ ಇರುತ್ತದೆ. ಅಲ್ಲಿಂದ ಪೆಟ್ರೋಲನ್ನು ಮೇಲೆ ಎಳೆಯಲು ಪಂಪಿಲ್ಲ, ಎಂಜಿನ್ ಉಸಿರೆಳೆಯುವಾಗ ಹುಟ್ಟುವ ಸೆಳೆತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಟ್ಯಾಂಕಿದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಾಗ ಆ ಸೆಳೆತ ಇಲ್ಲದಂತಾಗುತ್ತದೆ. ಉದ್ದನೆಯ ಏರಿನಲ್ಲಿ ಕಾಲು ಎತ್ತದೆ ಒತ್ತಿಕೊಂಡೇ ಹೋದರೆ ಆ ಪುಟ್ಟ ಟ್ಯಾಂಕು ಬರಿದಾಗಿ ಎಂಜಿನ್ ನಿಲ್ಲುತ್ತದೆ. ಮೊದಲೇ ಕೆಳಗಿನ ಗೇರಿಗೆ ಬಂದು, ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ಒತ್ತದೆ ಹೋಗುವುದು, ತಿರುವಿಗೊಮ್ಮೆ ಎರಡು ಕ್ಷಣ ಕಾಲು ಪೂರ್ತಿ ಎತ್ತುವುದು, ಇದೇ ಪರಿಹಾರ.

ಗೇರನ್ನು ಏರಿನ ಬುಡದಲ್ಲೇ ಬದಲಿಸಿ, ನಡುವಿನಲ್ಲಿ ಬೇಡ. ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ವ್ಯವಸ್ಥೆ ಕ್ಯಾಡಿಲಾಕ್‌ನಲ್ಲಿ ಬಂದದ್ದೇ 1928ರಲ್ಲಿ. ಅದಕ್ಕಿಂತ ಹಳೆಯದರಲ್ಲಿ ಕ್ಲಚ್ಚನ್ನು ಎರಡು ಸಲ ಒತ್ತಿ ನೀವೇ ಹೊಂದಿಸಬೇಕು, ಏರಿನಲ್ಲಿ ತಪ್ಪಿದರೆ ಕಾರು ಗೇರಿಲ್ಲದೆ ಹಿಂದಕ್ಕೆ ಉರುಳುತ್ತದೆ. ಇಳಿಯುವಾಗಲೂ ಹತ್ತಿದ ಗೇರಿನಲ್ಲೇ ಇಳಿಯಿರಿ. ಬಹಳ ಕಾರುಗಳಲ್ಲಿ ಬ್ರೇಕಿರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ; ಬ್ಯೂಕ್ ನಾಲ್ಕೂ ಚಕ್ರಕ್ಕೆ ಬ್ರೇಕು ಕೊಟ್ಟದ್ದು 1924ರ ಮಾದರಿಯಿಂದ. ಡ್ರಮ್ಮಿನ ಹೊರಗೆ ಪಟ್ಟಿ ಸುತ್ತಿರುವ ಬಗೆಯ ಬ್ರೇಕು ಒದ್ದೆಯಾದರೆ ಹಿಡಿಯುವುದೇ ಇಲ್ಲ, ಆದ್ದರಿಂದ ರಸ್ತೆಯ ಮೇಲೆ ಝರಿ ಹರಿಯುತ್ತಿರುವ ಕಡೆ ದಾಟಿದ ಕೂಡಲೇ ಒಂದೆರಡು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಘಟ್ಟದ ತಲೆಯಲ್ಲಿ ಕಾರು ನಿಲ್ಲಿಸಿ ಹದಿನೈದು ನಿಮಿಷ ತಣಿಯಲು ಬಿಡಿ. ರೇಡಿಯೇಟರಿನ ಮುಚ್ಚಳವನ್ನು ಆಗ ಮುಟ್ಟಬೇಡಿ. ನಾಲ್ಕೂ ಗಾಲಿಗಳ ಗುಂಬದ ಮೇಲೆ ಅಂಗೈ ಇಟ್ಟು ನೋಡಿ: ನಾಲ್ಕೂ ಒಂದೇ ಹದದಲ್ಲಿ ಬೆಚ್ಚಗಿದ್ದರೆ ಮುಂದೆ ಶಿರಸಿಗೆ ಹೋಗಬಹುದು. ಒಂದು ಮಾತ್ರ ಕೈ ಇಡಲಾರದಷ್ಟು ಸುಡುತ್ತಿದ್ದರೆ ಆ ಬೇರಿಂಗಿಗೆ ಗ್ರೀಸು ತಲುಪಿಲ್ಲ ಅಥವಾ ಆ ಬ್ರೇಕು ಬಿಟ್ಟುಕೊಂಡಿಲ್ಲ; ಅಲ್ಲಿಯೇ ಗಾಲಿ ಎತ್ತಿ ಕೈಯಿಂದ ತಿರುಗಿಸಿ ನೋಡಿ, ಕಾರಣ ತಿಳಿಯುವವರೆಗೆ ಮುಂದಕ್ಕೂ ಹಿಂದಕ್ಕೂ ಓಡಿಸಬೇಡಿ.